ಅಜ್ಜಾರು ಮಲಗದ ಮಂಚ

ಇದು ಮಠದ ಸ್ವಾಮಿಗಳೊಬ್ಬರು ಬದುಕಿದ್ದ ಮನೆಯನ್ನು ಮ್ಯೂಸಿಯಂ ಮಾಡಲು ಹೋದ ಪ್ರಕರಣ. ಆದರೆ ಅರ್ಧಕ್ಕಿಂತ ಜಾಸ್ತಿ ಒಂದು ಮಂಚದ ಸುತ್ತಲೇ ತಿರುಗುತ್ತದೆ.

ಬಯಲುಸೀಮೆಯ ಒಂದು ಊರು, ಅಲ್ಲೊಂದು ವಿರಕ್ತಮಠ. ಹೆಸರು ಬೇಡ. ಇದರಲ್ಲಿ ಬರುವವರೆಲ್ಲ ಈಗಲೂ ಒಬ್ಬರ ಮನೆ ಮದುವೆಗೆ ಇನ್ನೊಬ್ಬರು ಹೋಗುವವರು, ನಾನೂ ಜಾತ್ರೆಗೆ ಅದೇ ಊರಿಗೆ ಹೋಗಬೇಕಾದವನು. ಹಾಗಾಗಿ ಇಸವಿಗಳನ್ನು ಬಿಟ್ಟಿದ್ದೇನೆ, ಒಂದೆರಡು ಗುರುತುಗಳನ್ನು ಬೇಕಂತಲೇ ಅದಲುಬದಲು ಮಾಡಿದ್ದೇನೆ. ನಾನು ಮ್ಯೂಸಿಯಂ ವಿಷಯ ಓದಿದವನಲ್ಲ. ಹೈಸ್ಕೂಲಿನಲ್ಲಿದ್ದಾಗ ಮಠದ ಪ್ರಸಾದ ನಿಲಯದಲ್ಲಿ ಉಂಡು ಬೆಳೆದೆ, ಈಗ ಕಟ್ಟಡ ಕಟ್ಟಿಸುವ ಕೆಲಸದಲ್ಲಿದ್ದೇನೆ. ಈ ಎರಡು ಕಾರಣಕ್ಕೆ ನನ್ನನ್ನು ಮ್ಯೂಸಿಯಂ ಸಮಿತಿಗೆ ಎಳೆದುಕೊಂಡರು. ಮೊದಲ ಸುತ್ತಿನ ತಪ್ಪುಗಳಲ್ಲಿ ದೊಡ್ಡದು ನನ್ನದೇ. ಅದನ್ನು ಮುಚ್ಚಿಟ್ಟು ಉಳಿದವರದ್ದು ಬರೆದರೆ ಸರಿಯಿರಲ್ಲ.

ಮನೆ, ಮತ್ತು ಅದರಲ್ಲಿದ್ದವರು

ಮನೆ ದೊಡ್ಡದೇನಲ್ಲ. ಮಠದ ಹಿಂದಿನ ಓಣಿಯಲ್ಲಿ ಮೂರು ಅಂಕಣದ ಮಣ್ಣಿನ ಮಾಳಿಗೆ ಮನೆ. ಮುಂದೆ ಕಲ್ಲಿನ ಕಟ್ಟೆ, ಒಳಗೆ ಪಡಸಾಲೆ, ಅದರಾಚೆ ಒಂದು ಕತ್ತಲೆ ಕೋಣೆ, ಮೂಲೆಯಲ್ಲಿ ಅಡುಗೆ ಒಲೆ. ಬೆಳಕು ಬರುವುದು ಮಾಳಿಗೆಯಲ್ಲಿರುವ ಬೆಳಕಿಂಡಿಯಿಂದ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಸೊಪ್ಪು, ಮಣ್ಣು, ಕೊನೆಗೆ ನೀರು ಇಳಿಯದ ಹಾಗೆ ಸವುಳು ಮಣ್ಣು. ಪ್ರತಿ ಬೇಸಿಗೆಯಲ್ಲಿ, ಮೃಗಶಿರಾ ಮಳೆ ಬರುವುದಕ್ಕೆ ಮೊದಲು ಮಾಳಿಗೆಗೆ ಹೊಸ ಮಣ್ಣು ಹಾಕಬೇಕು. ಬಯಲುಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳಿದೆ.

ಹಿಂದಿನ ಸ್ವಾಮಿಗಳನ್ನು ಊರಲ್ಲಿ ಎಲ್ಲರೂ ಅಜ್ಜಾರು ಅಂತಲೇ ಕರೆಯುತ್ತಿದ್ದರು. ಹುಡುಗನಾಗಿದ್ದಾಗ ಮರಿ ಸ್ವಾಮಿಯಾಗಿ ಬಂದವರು. ಮಠದ ದೊಡ್ಡ ಕಟ್ಟಡ ಓದುವ ಮಕ್ಕಳಿಗೆ ಇರಲಿ ಅಂತ ಬಿಟ್ಟುಕೊಟ್ಟು, ತಾವು ಈ ಮನೆಗೆ ಬಂದುಬಿಟ್ಟರು. ಹಗಲೆಲ್ಲ ಮುಂದಿನ ಕಟ್ಟೆಯ ಮೇಲೆ. ಹೊಲದ ಬದುವಿನ ಜಗಳ, ಮಗಳ ಮನೆಯ ಸಂಕಟ, ಪರೀಕ್ಷೆಯಲ್ಲಿ ಫೇಲಾದ ಹುಡುಗ, ಎಲ್ಲವೂ ಆ ಕಟ್ಟೆಗೇ ಬರುತ್ತಿದ್ದವು. ನಾವು ಹುಡುಗರು ಕಟ್ಟೆ ದಾಟಿ ಒಳಗೆ ಹೋದದ್ದೇ ಇಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಜ್ಜಾರು ಲಿಂಗೈಕ್ಯರಾದ ಮೇಲೆ ಮಠದ ಆವರಣದಲ್ಲಿ ಗದ್ದುಗೆ, ಅಂದರೆ ಸಮಾಧಿ, ಆಯಿತು. ಮನೆಗೆ ಬೀಗ ಬಿತ್ತು. ಕೆಲವು ವರ್ಷ ಯಾರೂ ಆ ಕಡೆ ತಲೆ ಹಾಕಲಿಲ್ಲ.

ತೊಂದರೆ ಶುರುವಾದದ್ದು

ಗದ್ದುಗೆಗೆ ಬಂದ ಭಕ್ತರು ಹಾಗೇ ಹಿಂದಿನ ಓಣಿಗೂ ಹೋಗಿ ಮನೆ ನೋಡಿ ಬರುತ್ತಿದ್ದರು. ಬೀಗ ಇದ್ದರೇನು, ಗೋಡೆ ಹೊರಗೇ ಇತ್ತಲ್ಲ. ಗೋಡೆಯ ಮಣ್ಣನ್ನು ಉಗುರಿನಿಂದ ಕೆರೆದು ಹಣೆಗೆ ಹಚ್ಚಿಕೊಳ್ಳುವುದು, ಚೂರು ಕಾಗದದಲ್ಲಿ ಕಟ್ಟಿಕೊಂಡು ಹೋಗುವುದು ಶುರುವಾಯಿತು. ನೋಡನೋಡುತ್ತ ಬಾಗಿಲಿನ ಎರಡೂ ಬದಿಯಲ್ಲಿ ಅಂಗೈ ಹಿಡಿಯುವಷ್ಟು ಗುಳಿ ಬಿದ್ದವು.

ಇದು ನಮ್ಮ ಜನರ ಹುಚ್ಚು ಅಂತ ಯಾರೂ ನಗಬೇಕಿಲ್ಲ. ಜರ್ಮನಿಯ ವಾರ್ಟ್‌ಬರ್ಗ್ ಕೋಟೆಯಲ್ಲಿ ಮಾರ್ಟಿನ್ ಲೂಥರ್ 1521ರಿಂದ 1522ರವರೆಗೆ ತಲೆಮರೆಸಿಕೊಂಡಿದ್ದು, ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದ ಕೋಣೆ ಇದೆ. ಲೂಥರ್ ಸೈತಾನನ ಮೇಲೆ ಮಸಿ ಕುಡಿಕೆ ಎಸೆದ, ಆ ಕಲೆ ಗೋಡೆಯ ಮೇಲಿದೆ ಅನ್ನುವುದು ಒಂದು ಕಥೆ. ಬಂದವರು ಆ ಕಲೆಯನ್ನೇ ಕೆರೆದು ಒಯ್ಯುತ್ತಿದ್ದರು, ನೋಡಿಕೊಳ್ಳುವವರು ಮತ್ತೆ ಮತ್ತೆ ಹೊಸ ಕಲೆ ಬಳಿಯುತ್ತಿದ್ದರು. ವಿಟೆನ್‌ಬರ್ಗ್‌ನಲ್ಲಿ ಲೂಥರ್ ಸಂಸಾರ ಮಾಡಿದ ಮನೆಗೆ 1712ರಲ್ಲಿ ರಷ್ಯಾದ ದೊರೆ ಪೀಟರ್ ಬಂದು, ಕೋಣೆಯ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ತನ್ನ ಹೆಸರು ಬರೆದು ಹೋದ. ನಮ್ಮ ಕಡೆ ಪ್ರೇಮಿಗಳು ಹಂಪಿಯ ಕಂಬದ ಮೇಲೆ ಬರೆಯುವ ಹಾಗೆ. ದೊರೆಯ ಕೈಬರಹ ಅಂತ ಈಗ ಅದಕ್ಕೇ ಗಾಜು ಹಾಕಿಟ್ಟಿದ್ದಾರೆ!

ಗೋಡೆಯ ಜೊತೆಗೆ ಇನ್ನೂ ಎರಡು ತೊಡಕಿದ್ದವು. ಒಂದು, ಜಾಗದ ಕಾಗದ. ಪಂಚಾಯ್ತಿಯ ಉತಾರದಲ್ಲಿ ಮನೆ ಮಠದ ಹೆಸರಿನಲ್ಲಿತ್ತು, ಹಿತ್ತಲು ಅಜ್ಜಾರ ಪೂರ್ವಾಶ್ರಮದ ಅಣ್ಣನ ಹೆಸರಿನಲ್ಲಿತ್ತು. ಇ-ಸ್ವತ್ತು, ಅಂದರೆ ಆಸ್ತಿಯ ಕಂಪ್ಯೂಟರ್ ದಾಖಲೆ, ಮಾಡಿಸಲು ಹೋದಾಗ ಅದು ಗೊತ್ತಾಯಿತು. ಎರಡು, ಕಟ್ಟೆಯ ಒಂದು ಮೂಲೆಗೆ ತಗಡು ಹೊದಿಸಿಕೊಂಡು ನಡೆಯುತ್ತಿದ್ದ ಕಿರಾಣಿ ಅಂಗಡಿ. ಬೀಡಿ, ಬಿಸ್ಕತ್ತು, ತೆಂಗಿನಕಾಯಿ, ಐಸ್‌ಕ್ರೀಮು. ಬಾಡಿಗೆ ಚೀಟಿ ಇಲ್ಲ, ಏನೂ ಇಲ್ಲ. ಸಮಿತಿಯ ಮೊದಲ ಸಭೆಯ ಮೊದಲ ಠರಾವು ಅಂಗಡಿ ಎಬ್ಬಿಸುವುದು. ಅದು ಠರಾವಿನಲ್ಲೇ ಉಳಿಯಿತು, ಪುಣ್ಯಕ್ಕೆ.

ಮೊದಲ ಸುತ್ತು

ಈಗಿನ ಸ್ವಾಮಿಗಳು ಚಿಕ್ಕ ವಯಸ್ಸಿನವರು, ಓದಿಕೊಂಡವರು. ಅಜ್ಜಾರ ಮನೆ ಮ್ಯೂಸಿಯಂ ಆಗಲಿ ಅಂದರು. ಪುಣ್ಯಸ್ಮರಣೆಯ ದಿನ ತೆರೆಯಬೇಕು ಅಂತ ತಾರೀಕು ಗೊತ್ತಾಯಿತು. ಕೈಯಲ್ಲಿ ಇದ್ದದ್ದು ನಾಲ್ಕು ತಿಂಗಳು. ಕೆಲಸಕ್ಕೆ ಎಷ್ಟು ದಿನ ಬೇಕು ಅಂತ ಯಾರೂ ಲೆಕ್ಕ ಹಾಕಲಿಲ್ಲ, ತಾರೀಕಿನಿಂದ ಹಿಂದಕ್ಕೆ ಎಣಿಸಿದೆವು. ಮುಂದಿನ ತಪ್ಪುಗಳೆಲ್ಲ ಹೊರಟದ್ದು ಇಲ್ಲಿಂದಲೇ.

ಗೋಡೆ ಕೆರೆಯುವುದು ನಿಲ್ಲಬೇಕು ಅಂದರೆ ಗೋಡೆ ಗಟ್ಟಿಯಾಗಬೇಕು ಅನ್ನುವುದು ನನ್ನ ತಲೆ. ಒಳಗೂ ಹೊರಗೂ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆ. ದಿನಾ ಅದೇ ಕೆಲಸ ಮಾಡುವವನು ನಾನು, ಮಣ್ಣಿನ ಗೋಡೆಗೂ ಅದೇ ಮದ್ದು ಅಂದುಕೊಂಡೆ. ನೆಲಕ್ಕೆ ದಾನಿಯೊಬ್ಬರು ಗ್ರಾನೈಟ್ ಹಾಕಿಸಿದರು. ಕಂಬ, ಬಾಗಿಲಿಗೆ ಹೊಳೆಯುವ ಆಯಿಲ್ ಪೇಂಟ್. ಒಳಕೋಣೆಯಲ್ಲಿ ಒಂದು ಹಳೆಯ ಸಾಗವಾನಿ ಮಂಚ, ಅದರ ಮೇಲೆ ಅಜ್ಜಾರು ಕೂತ ಹಾಗೆ ಫೈಬರ್ ಮೂರ್ತಿ. ಮಂಚದ ಮುಂದೆ ಅವರ ಹಾವುಗೆ, ಅಂದರೆ ಮರದ ಪಾದುಕೆ. ಗೋಡೆಗೆ ಗಾಜಿನ ಕಪಾಟು, ಅದರಲ್ಲಿ ಕಾವಿ ವಸ್ತ್ರ, ಕನ್ನಡಕ, ಜೋಳಿಗೆ, ಪತ್ರಗಳು. ಎಲ್ಲದಕ್ಕೂ ಟ್ಯೂಬ್‌ಲೈಟು.

ಮೂರ್ತಿ ಮಂಚದ ಮೇಲೇ ಇರಲಿ ಅಂತ ಯಾರು ಹೇಳಿದರು? ಎಲ್ಲರೂ ಹೇಳಿದರು. ಅಜ್ಜಾರು ಮಂಚದ ಮೇಲೆ ಕೂತು ವಿಭೂತಿ ಕೊಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ ಅಂತ ಸಭೆಯಲ್ಲಿ ನಾನೇ ಹೇಳಿದ್ದೆ. ಕಟ್ಟೆ ದಾಟಿ ಒಳಗೆ ಹೋಗದ ನಾನು!

ಉದ್ಘಾಟನೆ ಜೋರಾಗಿ ಆಯಿತು. ಮಠದಲ್ಲಿ ಅಡುಗೆ ಮಾಡಿಕೊಂಡು ವಯಸ್ಸು ಕಳೆದ ಒಬ್ಬ ಅಜ್ಜಿಯನ್ನು ಮೊಮ್ಮಗಳು ಕೈ ಹಿಡಿದು ಒಳಗೆ ಕರೆದುಕೊಂಡು ಬಂದಳು. ಅಜ್ಜಿ ಹೊಸ್ತಿಲಲ್ಲೇ ನಿಂತು ಮೂರ್ತಿ ನೋಡಿದರು. ಕೈ ಮುಗಿಯಲಿಲ್ಲ. “ಇವರ್ಯಾರು? ನಮ್ಮ ಅಜ್ಜಾರು ನೆಲ ಬಿಟ್ಟು ಮ್ಯಾಲ ಕುಂತವರಲ್ಲ” ಅಂದು ವಾಪಸ್ ಹೊರಟುಬಿಟ್ಟರು.

ವಯಸ್ಸಾಗಿದೆ, ಮರೆವು ಅಂತ ನಾವು ಸುಮ್ಮನಾದೆವು.

ಮಳೆ

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಮಣ್ಣಿನ ಗೋಡೆ ನೆಲದ ತೇವವನ್ನು ಹೀರುತ್ತದೆ, ಹಾಗೇ ಹೊರಗೂ ಬಿಡುತ್ತದೆ. ನಾವು ಅದರ ಎರಡೂ ಮೈಗೆ ಸಿಮೆಂಟ್ ಮುಚ್ಚಿದ್ದೆವು. ಗ್ರಾನೈಟ್ ಹಾಕಿದ್ದರಿಂದ ನೆಲದ ತೇವಕ್ಕೂ ಗೋಡೆ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಒಳಗೇ ಕೂತ ನೀರು ಉಪ್ಪನ್ನು ಎಳೆದು ತಂದು, ಪ್ಲಾಸ್ಟರ್ ಹಪ್ಪಳದ ಹಾಗೆ ಉಬ್ಬಿ, ಹಾಳೆ ಹಾಳೆಯಾಗಿ ಬಿತ್ತು. ಬೀಳುವಾಗ ಹಿಂದಿನ ಮಣ್ಣನ್ನೂ ಕಚ್ಚಿಕೊಂಡೇ ಬಿತ್ತು. ಭಕ್ತರು ಇಷ್ಟು ವರ್ಷ ಉಗುರಿನಿಂದ ತೆಗೆದದ್ದಕ್ಕಿಂತ ನಾನು ಒಂದು ಮಳೆಗಾಲದಲ್ಲಿ ಕೆಡವಿದ್ದು ಜಾಸ್ತಿ.

ಮಾಳಿಗೆ ಇನ್ನೊಂದು ಕಥೆ. ವರ್ಷವರ್ಷ ಹಳೆ ಮಣ್ಣು ತೆಗೆಯದೆ ಮೇಲೆ ಮೇಲೆ ಹಾಕುತ್ತಾ ಬಂದು ಪದರ ಮೊಳದಷ್ಟು ದಪ್ಪ ಆಗಿತ್ತು. ಬೀಗ ಹಾಕಿದ ವರ್ಷಗಳಲ್ಲಿ ಅದರ ಮೇಲೆ ಹುಲ್ಲು ಬೆಳೆದು ಬೇರು ಇಳಿದಿತ್ತು. ನಾವು ಕೆಳಗಿನಿಂದ ಜಂತಿಗೆ ಬಣ್ಣ ಹೊಡೆಸಿದೆವೇ ಹೊರತು ಮೇಲೆ ಹತ್ತಿ ನೋಡಿರಲಿಲ್ಲ. ನೆನೆದ ಮಣ್ಣಿನ ಭಾರಕ್ಕೆ ಒಳಕೋಣೆಯ ಒಂದು ತೊಲೆ ಬಾಗಿ, ನೀರು ಸೀದಾ ಟ್ರಂಕಿನ ಮೇಲೆ ಇಳಿಯಿತು. ಕಪಾಟಿನಲ್ಲಿಟ್ಟದ್ದು ನಾಲ್ಕೇ ಪತ್ರ. ಉಳಿದ ಪತ್ರಗಳು, ಮಠದ ಕಿರ್ದಿ ಪುಸ್ತಕಗಳು ಎಲ್ಲ ಆ ಟ್ರಂಕಿನಲ್ಲಿದ್ದವು.

ಬೆಳಗ್ಗೆ ನೋಡಿದ ಪ್ರಸಾದ ನಿಲಯದ ಹುಡುಗರು ಒಳ್ಳೆ ಮನಸ್ಸಿನಿಂದಲೇ ಪತ್ರಗಳನ್ನು ಒಯ್ದು ಬಿಸಿಲಿಗೆ ಹರವಿದರು. ಬಿಸಿಲಿಗೆ ಕಾಗದ ಸುರುಟಿಕೊಂಡಿತು, ಶಾಯಿ ಮಾಸಿತು, ಅಂಟಿಕೊಂಡ ಹಾಳೆ ಬಿಡಿಸಲು ಹೋದರೆ ಹರಿಯಿತು. ಹಸ್ತಪ್ರತಿಗಳ ಕೆಲಸ ಗೊತ್ತಿದ್ದ ಪರಿಚಯದವರೊಬ್ಬರಿಗೆ ಫೋನ್ ಮಾಡಿದೆ. ಅವರು ಬೈದು, ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. ಊರಲ್ಲಿ ಯಾರ ಹತ್ತಿರವಾದರೂ ದೊಡ್ಡ ಫ್ರೀಜರ್ ಇದೆಯಾ? ಒದ್ದೆ ಕಾಗದ ಹೆಪ್ಪುಗಟ್ಟಿಬಿಟ್ಟರೆ ಬೂಸ್ಟು ಬರುವುದಿಲ್ಲ, ಶಾಯಿ ಹರಡುವುದಿಲ್ಲ, ನಿಮಗೆ ಟೈಮು ಸಿಗುತ್ತದೆ, ಸ್ವಲ್ಪ ಸ್ವಲ್ಪವೇ ಹೊರಗೆ ತೆಗೆದು ನೆರಳಲ್ಲಿ ಹೀರುಕಾಗದದ ನಡುವೆ ಒಣಗಿಸಿ ಅಂದರು.

ಫ್ರೀಜರ್ ಇದ್ದದ್ದು ಒಬ್ಬರ ಹತ್ತಿರವೇ. ನಾವು ಎಬ್ಬಿಸಬೇಕು ಅಂತ ಠರಾವು ಮಾಡಿದ್ದ ಅಂಗಡಿಯವನ ಹತ್ತಿರ.

ಅವನು ಒಂದು ಮಾತೂ ಆಡದೆ ಐಸ್‌ಕ್ರೀಮು ಎಲ್ಲ ತೆಗೆದು ಓಣಿಯ ಮಕ್ಕಳಿಗೆ ಹಂಚಿದ. ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿದ ಅಜ್ಜಾರ ಪತ್ರಗಳು, ಲೆಕ್ಕದ ಪುಸ್ತಕಗಳು ಬೇಸಿಗೆ ಬರುವವರೆಗೂ ಆ ಪೆಟ್ಟಿಗೆಯಲ್ಲಿದ್ದವು. ಅಂಗಡಿಯ ವಿಷಯ ಮತ್ತೆ ಸಭೆಯಲ್ಲಿ ಬರಲಿಲ್ಲ.

ಕ್ಯಾಲೆಂಡರು

ಪತ್ರಗಳನ್ನು ಒಣಗಿಸುತ್ತಾ ಒಂದೊಂದು ಹಾಳೆ ಬಿಡಿಸುವಾಗ ಓದದೆ ಇರೋಕಾಗುತ್ತದಾ? ಒಂದು ಕಿರ್ದಿಯಲ್ಲಿ ಸಿಕ್ಕ ಸಾಲು ಹೀಗಿತ್ತು: ಮಂಚ 1, ಕಾಣಿಕೆ, ಉಗ್ರಾಣಕ್ಕೆ. ಮುಂದೆ ಕೊಟ್ಟವರ ಮನೆತನದ ಹೆಸರು. ಮಂಚ ಅಜ್ಜಾರ ಮನೆಗೆ ಬಂದೇ ಇರಲಿಲ್ಲ. ಉಗ್ರಾಣದಲ್ಲಿ ಬೇಳೆ ಚೀಲಗಳ ಕೆಳಗೆ ಇದ್ದದ್ದನ್ನು ಮ್ಯೂಸಿಯಂ ಆಗುವಾಗ ಯಾರೋ ಹೊರಗೆ ತಂದಿದ್ದರು.

ಹಾಗಾದರೆ ನಮ್ಮೆಲ್ಲರ ನೆನಪು? ಅಜ್ಜಾರು ಮಂಚದ ಮೇಲೆ ಕೂತ ಒಂದು ಫೋಟೋ ಇತ್ತು. ಮಠದ ಕ್ಯಾಲೆಂಡರಿನಲ್ಲಿ ವರ್ಷ ವರ್ಷವೂ ಅದೇ ಫೋಟೋ, ಊರಿನ ಪ್ರತಿ ಮನೆಯ ಗೋಡೆಯ ಮೇಲೂ ಅದೇ. ಈಗ ಅದನ್ನು ಗಮನವಿಟ್ಟು ನೋಡಿದೆವು. ಹಿಂದಿನ ಬಾಗಿಲಿನ ಚೌಕಟ್ಟಿನ ಕೆತ್ತನೆ ಈ ಮನೆಯದಲ್ಲ. ಅದು ಮಂಚ ಕೊಟ್ಟವರ ಮನೆಯ ಪಡಸಾಲೆ. ಪಾದಪೂಜೆಗೆ ಹೋದಾಗ ಅವರು ಒತ್ತಾಯ ಮಾಡಿ ಕೂರಿಸಿ ತೆಗೆಸಿದ ಫೋಟೋ. ನಾನು ನೆನಪು ಅಂದುಕೊಂಡದ್ದು ನಮ್ಮ ಮನೆಯ ಕ್ಯಾಲೆಂಡರು.

ಇಡೀ ಪ್ರಕರಣ ಹೊರಳಿದ್ದು ಇಲ್ಲಿ. ಅಡುಗೆ ಅಜ್ಜಿಯ ಮನೆಗೆ ಸ್ವಾಮಿಗಳೇ ಹೋದರು, ಜೊತೆಗೆ ನಾನೂ ಹೋದೆ. ಅಜ್ಜಿ ಒಂದು ಗಂಟೆ ಮಾತಾಡಿದರು. ಅಜ್ಜಾರು ಮಲಗುತ್ತಿದ್ದದ್ದು ಕಂಬಳಿಯ ಮೇಲೆ, ಪಡಸಾಲೆಯಲ್ಲಿ, ಒಳಕೋಣೆಯಲ್ಲಲ್ಲ. ಒಳಕೋಣೆಯಲ್ಲಿ ಇದ್ದದ್ದು ಮಕ್ಕಳ ಜೋಳ. ಕೋಣೆಯ ನೆಲದಲ್ಲಿ ಹಗೇವು, ಅಂದರೆ ಕಾಳು ತುಂಬಿಡುವ ನೆಲಗುಂಡಿ, ಇತ್ತು, ಬರ ಬಂದ ವರ್ಷ ಅದನ್ನು ತೆಗೆದು ಊರಿಗೆ ಹಂಚಿದ್ದರು. ಆ ಹಗೇವಿನ ಬಾಯಿಯ ಮೇಲೆ ನಾವು ಗ್ರಾನೈಟ್ ಹಾಸಿ, ಮಂಚ ಇಟ್ಟು, ಮೂರ್ತಿ ಕೂರಿಸಿದ್ದೆವು.

ವಸ್ತು ಯಾರದ್ದು ಅಂತ ಕೇಳಿದ್ದೆವು. ಅವರು ಅಲ್ಲಿ ಹೇಗೆ ಬದುಕಿದ್ದರು ಅಂತ ಕೇಳಿರಲೇ ಇಲ್ಲ.

ಎರಡನೇ ಸುತ್ತು

ಈ ಸಲ ತಾರೀಕು ಇಟ್ಟುಕೊಳ್ಳಲಿಲ್ಲ. ಸ್ವಾಮಿಗಳು ಹಾಕಿದ ಒಂದೇ ಶರತ್ತು ಅದು, ಮತ್ತು ಎಲ್ಲಕ್ಕಿಂತ ಒಳ್ಳೆಯ ನಿರ್ಧಾರ ಅಂತ ನನಗೆ ಈಗಲೂ ಅನ್ನಿಸುತ್ತದೆ. ಅವರು ಕೊಲ್ಕತ್ತಕ್ಕೆ ಹೋದಾಗ ಸಿಮ್ಲಾ ಬಡಾವಣೆಯಲ್ಲಿ ವಿವೇಕಾನಂದರು ಹುಟ್ಟಿದ ಮನೆ ನೋಡಿ ಬಂದಿದ್ದರು. 1884ರಲ್ಲಿ ವಿವೇಕಾನಂದರ ತಂದೆ ವಿಶ್ವನಾಥ ದತ್ತ ತೀರಿಕೊಂಡ ಮೇಲೆ ಆ ಮನೆಯ ಮೇಲೆ ನೆಂಟರ ಜೊತೆ ಕೋರ್ಟು ವ್ಯಾಜ್ಯ ನಡೆಯಿತು, ಆಮೇಲೆ ಮನೆಯ ತುಂಬಾ ಬಾಡಿಗೆದಾರರು, ಅಂಗಡಿಗಳು. ರಾಮಕೃಷ್ಣ ಮಿಷನ್ ಅವರಿಗೆಲ್ಲ ಬೇರೆ ನೆಲೆ ಮಾಡಿಕೊಟ್ಟು, ಶಿಥಿಲವಾದದ್ದನ್ನು ದುರಸ್ತಿ ಮಾಡಿಸಿ ತೆರೆದದ್ದು 2004ರಲ್ಲಿ, ಅಬ್ದುಲ್ ಕಲಾಂ ರಾಷ್ಟ್ರಪತಿಯಾಗಿದ್ದಾಗ. ವಿವೇಕಾನಂದರ ಮನೆಗೇ ಅಷ್ಟು ವರ್ಷ ಕಾದಿದ್ದಾರೆ, ನಮಗೇನು ಅವಸರ ಅಂದರು ಸ್ವಾಮಿಗಳು.

ಮೊದಲು ಸಿಮೆಂಟ್ ಕಿತ್ತೆವು. ಹಾಕುವುದಕ್ಕಿಂತ ಕೀಳುವುದಕ್ಕೆ ಜಾಸ್ತಿ ದಿನ ಹಿಡಿಯಿತು. ಒಂದು ಬೇಸಿಗೆ ಪೂರ್ತಿ ಗೋಡೆಯನ್ನು ಬರಿಮೈಯಲ್ಲಿ ಒಣಗಲು ಬಿಟ್ಟು, ಆಮೇಲೆ ಮಣ್ಣಿನ ಗಿಲಾವು, ಮೇಲೆ ಸುಣ್ಣ. ಕಟ್ಟೆಯ ಕಲ್ಲಿನ ಸಂದಿಗೆ ಗಾರೆ. ಬೆಲ್ಲ, ಅಳಲೆಕಾಯಿ ನೀರು ಸೇರಿಸಿ ಗಾರೆ ಅರೆಯುವುದು ಗೊತ್ತಿದ್ದ ಒಬ್ಬ ಮುದುಕ ಪಕ್ಕದ ಊರಲ್ಲಿ ಸಿಕ್ಕ. ನನ್ನ ಕೆಲಸದವರಿಗೆ ಅವನೇ ಮೇಷ್ಟ್ರು. ಆಯಿಲ್ ಪೇಂಟ್ ಕೆರೆದು ಮರಕ್ಕೆ ಅಗಸೆ ಎಣ್ಣೆ ಸವರಿದೆವು. ಮಾಳಿಗೆಯ ಹಳೆ ಮಣ್ಣನ್ನು ಪೂರ್ತಿ ಇಳಿಸಿದಾಗ ತೊಲೆ ಒಂದಿಷ್ಟು ಮೇಲೆದ್ದ ಹಾಗೆ ಕಂಡಿತು. ಒಂದೇ ತೊಲೆ ಬದಲಿಸಬೇಕಾಯಿತು. ಗ್ರಾನೈಟ್ ತೆಗೆಯುವಾಗ ದಾನಿಗೆ ಬೇಜಾರಾಯಿತು. ಅದನ್ನು ಪ್ರಸಾದ ನಿಲಯದ ಊಟದ ಹಾಲಿಗೆ ಹಾಕಿಸಿ ಅವರ ಹೆಸರಿನ ಕಲ್ಲನ್ನೂ ಅಲ್ಲೇ ಕೂರಿಸಿದೆವು.

ಗೋಡೆ ಕೆರೆಯುವವರಿಗೆ ಏನು ಮಾಡಿದಿರಿ ಅಂತ ಕೇಳುತ್ತೀರಿ. ಮಾಳಿಗೆಯಿಂದ ಇಳಿಸಿದ ಮಣ್ಣಿನ ಗುಡ್ಡೆಯಲ್ಲಿ ಒಂದು ಬುಟ್ಟಿ ಕಟ್ಟೆಯ ಮೇಲೆ ಇಟ್ಟೆವು. ಅಜ್ಜಾರ ಮನೆಯ ಮಣ್ಣು, ಬೇಕಾದವರು ಒಂದು ಚಿಟಿಕೆ ತೆಗೆದುಕೊಳ್ಳಿ ಅಂತ ಹಲಗೆ. ಅಷ್ಟೇ. ಗೋಡೆಯ ತಂಟೆಗೆ ಈಗ ಯಾರೂ ಹೋಗುವುದಿಲ್ಲ. ಈ ಯೋಚನೆ ಅಂಗಡಿಯವನದ್ದು.

ಒಳಗೆ ಏನಿಡಬೇಕು ಅನ್ನುವುದಕ್ಕೆ ಜಾಸ್ತಿ ಜಗಳ ಆಯಿತು. ಕಣ್ಣೆದುರು ಎರಡು ಮಾದರಿ ಇದ್ದವು. ಒಂದು ದಕ್ಷಿಣೇಶ್ವರದಲ್ಲಿ ರಾಮಕೃಷ್ಣ ಪರಮಹಂಸರು ಇದ್ದ ಕೋಣೆ. ಅಲ್ಲಿ ಜನ ಬಂದು ನೆಲದ ಮೇಲೆ ಸುಮ್ನೆ ಕೂರುತ್ತಾರೆ, ಧ್ಯಾನ ಮಾಡುತ್ತಾರೆ, ಎದ್ದು ಹೋಗುತ್ತಾರೆ. ಇನ್ನೊಂದು ಸಾಬರಮತಿ. ಗಾಂಧಿ ಇದ್ದ ಹೃದಯಕುಂಜದಲ್ಲಿ ಸಾಮಾನು ಕಡಿಮೆ. ಪತ್ರ, ಫೋಟೋ, ಪುಸ್ತಕಗಳಿಗೆಲ್ಲ ಅದೇ ಆವರಣದಲ್ಲಿ ಚಾರ್ಲ್ಸ್ ಕೊರಿಯಾ ಬೇರೆ ಕಟ್ಟಡವನ್ನೇ ಕಟ್ಟಿದರು, 1963ರಲ್ಲಿ ಅದು ತೆರೆಯಿತು. ಮನೆ ಮನೆಯಾಗಿ ಉಳಿಯುತ್ತದೆ, ವಸ್ತುಗಳಿಗೆ ಅವುಗಳಿಗೆ ಬೇಕಾದ ಜಾಗ ಸಿಗುತ್ತದೆ. ನಮ್ಮ ಕೈಯಲ್ಲಿ ಅಂಥ ಕಟ್ಟಡ ಕಟ್ಟುವ ದುಡ್ಡಿರಲಿಲ್ಲ. ಮಠದ ಹಳೆಯ ಉಗ್ರಾಣ ಖಾಲಿ ಇತ್ತು, ಕಲ್ಲಿನ ಗೋಡೆ, ಒಣ ಜಾಗ. ವಸ್ತುಗಳು ಅಲ್ಲಿಗೆ ಹೋದವು. ಮನೆಯ ಪಡಸಾಲೆಯಲ್ಲಿ ಈಗ ಒಂದು ಕಂಬಳಿ, ಒಂದು ತಂಬಿಗೆ, ಗೂಡಿನಲ್ಲಿ ಒಂದು ದೀಪ. ಒಳಕೋಣೆಯಲ್ಲಿ ಹಗೇವಿನ ಬಾಯಿ, ಮೇಲೆ ಜಾಲರಿ. ಬಂದವರು ಬಗ್ಗಿ ನೋಡುತ್ತಾರೆ. ಮಕ್ಕಳಂತೂ ಅಲ್ಲಿಂದ ಏಳುವುದೇ ಇಲ್ಲ.

ಉಗ್ರಾಣದಲ್ಲಿ ಪ್ರತಿ ವಸ್ತುವಿಗೂ ಒಂದು ಚೀಟಿ ಬರೆದೆವು. ಅಜ್ಜಾರು ಬಳಸಿದ್ದನ್ನು ಕಂಡವರು ಇದ್ದಾರೆ ಅನ್ನುವುದು ಒಂದು ಗುಂಪು. ಮನೆಯಲ್ಲಿತ್ತು, ಆದರೆ ಯಾರು ಬಳಸುತ್ತಿದ್ದರು ಅನ್ನುವುದಕ್ಕೆ ಸಾಕ್ಷಿ ಇಲ್ಲ ಅನ್ನುವುದು ಇನ್ನೊಂದು. ಆಮೇಲೆ ಬಂದದ್ದು ಮೂರನೆಯದು. ಮೊದಲ ಗುಂಪು ಎಷ್ಟು ಚಿಕ್ಕದಾಯಿತು ಅಂದರೆ ಸಮಿತಿಯ ಕೆಲವರಿಗೆ ಅವಮಾನ ಆದಂತಾಯಿತು. ಒಂದು ಕಪಾಟೂ ತುಂಬಲಿಲ್ಲ. ಏನೂ ಕೂಡಿಡದ ಮನುಷ್ಯನ ಮ್ಯೂಸಿಯಂ ತುಂಬಿ ತುಳುಕಬೇಕು ಅಂತ ನಾವು ಆಸೆ ಪಟ್ಟಿದ್ದೇ ತಮಾಷೆ, ಅಲ್ವಾ?

ಬೆಳಕಿನ ವಿಷಯವೂ ಆಗ ತಿಳಿಯಿತು. ಬಟ್ಟೆ, ಕಾಗದಕ್ಕೆ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಬೀಳಬಾರದು ಅನ್ನುವುದು ಮ್ಯೂಸಿಯಂಗಳ ಕಟ್ಟಳೆ. ಓದುವ ಕೋಣೆಯ ಬೆಳಕು ಅದರ ಐದಾರು ಪಟ್ಟು ಇರುತ್ತದೆ. ಹಳೆ ಮನೆಯ ಬೆಳಕಿಂಡಿಯ ಕೆಳಗಿನ ಕಪಾಟಿನಲ್ಲಿ ಟ್ಯೂಬ್‌ಲೈಟೂ ಬಿಸಿಲೂ ಎರಡೂ ತಿಂದ ಕಾವಿ ವಸ್ತ್ರವನ್ನು ಬಿಡಿಸಿದಾಗ ಮಡಿಕೆಯ ಒಳಗೆ ಕಾವಿ, ಹೊರಗೆ ಗೋದಿಹಿಟ್ಟಿನ ಬಣ್ಣ. ಅದನ್ನು ಹಾಗೇ, ಮಡಿಕೆ ಬಿಡಿಸಿ ಇಟ್ಟಿದ್ದೇವೆ. ನಮ್ಮ ತಪ್ಪೂ ಕಾಣಲಿ ಅಂತ.

ಪತ್ರಗಳನ್ನು ಇಡಲಿಲ್ಲ. ಇದು ನನ್ನ ಹಟ. ಜನ ತಮ್ಮ ಮನೆಯ ಗುಟ್ಟು ಬರೆದು ಅಜ್ಜಾರಿಗೆ ಕಳಿಸಿದ್ದರು. ಬರೆದವರಲ್ಲಿ ಹಲವರು ಬದುಕಿದ್ದಾರೆ, ಕೆಲವರು ಸಮಿತಿಯಲ್ಲೇ ಇದ್ದಾರೆ. ಕಾನೂನು ಪ್ರಕಾರ 75 ವರ್ಷ ದಾಟಿದ ಹಸ್ತಪ್ರತಿ, 100 ವರ್ಷ ದಾಟಿದ ವಸ್ತು ಪುರಾವಸ್ತು ಆಗಬಹುದು, 1972ರ ಕಾಯ್ದೆ ಹಾಗೆ ಹೇಳುತ್ತದೆ. ಆದರೆ ಗುಟ್ಟು ಎಷ್ಟು ವರ್ಷಕ್ಕೆ ಹಳೆಯದಾಗುತ್ತದೆ ಅಂತ ಯಾವ ಕಾಯ್ದೆಯೂ ಹೇಳುವುದಿಲ್ಲ. ಲಕೋಟೆಗಳನ್ನು ಮಾತ್ರ ಇಟ್ಟೆವು, ಅದೂ ವಿಳಾಸ ಬರೆದ ಅಜ್ಜಾರ ಹೆಸರಿನ ಕಡೆ ಮೇಲೆ ಮಾಡಿ. ಎಲ್ಲೆಲ್ಲಿಯ ಅಂಚೆ ಮುದ್ರೆ ಇದೆ ನೋಡಿದರೆ ಸಾಕು, ಆ ಕಟ್ಟೆಗೆ ಎಷ್ಟು ದೂರದ ಊರುಗಳು ಬಂದು ಮುಟ್ಟುತ್ತಿದ್ದವು ಅಂತ ಗೊತ್ತಾಗುತ್ತದೆ.

ಹಾವುಗೆ

ನಾನು ಸೋತದ್ದು ಹಾವುಗೆಯ ವಿಷಯದಲ್ಲಿ. ಅಜ್ಜಾರ ಹಾವುಗೆ ಒಂದೇ ಜೊತೆ. ಭಕ್ತರು ಅದಕ್ಕೆ ಕುಂಕುಮ, ಹೂವು, ಎಣ್ಣೆ ದೀಪ, ಕರ್ಪೂರ ಎಲ್ಲ ಮಾಡುತ್ತಿದ್ದರು. ಮರ ಕಪ್ಪಾಗಿ, ಒಂದರ ಅಂಚಿಗೆ ಗೆದ್ದಲು ಬಾಯಿ ಹಾಕಿತ್ತು. ಅಸಲಿಯನ್ನು ಗಾಜಿನೊಳಗೆ ಇಟ್ಟು, ಪೂಜೆಗೆ ಅದೇ ಅಳತೆಯ ಹೊಸ ಜೊತೆ ಮಾಡಿಸೋಣ ಅಂದೆ. ಎಲ್ಲ ಕಡೆಯೂ ಹೀಗೇ ಮಾಡುತ್ತಾರೆ. 2015ರಲ್ಲಿ ಕುಪ್ಪಳಿಯ ಕವಿಮನೆಯಲ್ಲಿ ಕುವೆಂಪು ಅವರ ಪದ್ಮ ಪದಕಗಳೇ ಕಳವಾದದ್ದನ್ನು ನೆನಪಿಸಿ, ಅಸಲಿಯನ್ನು ಬೀಗದಲ್ಲಿಡಬೇಕು ಅಂತಲೂ ವಾದಿಸಿದೆ.

ಸ್ವಾಮಿಗಳು ತಿರುಗಿಸಿಬಿಟ್ಟರು. ಅಸಲಿ ಗದ್ದುಗೆಗೆ ಹೋಗಲಿ, ನಕಲು ಮ್ಯೂಸಿಯಂಗೆ ಇರಲಿ ಅಂದರು. ಹಾವುಗೆ ನೋಡುವುದಕ್ಕೆ ಬಂದವನಿಗೆ ನಕಲು ಸಾಕು, ಆಕಾರ ತಿಳಿದರೆ ಆಯಿತು, ಆದರೆ ಕೈ ಮುಗಿಯಲು ಬಂದವರಿಗೆ ನಕಲು ಕೊಡುವುದು ಮೋಸ ಅನ್ನುವುದು ಅವರ ಮಾತು. ನಾನು ವಿರೋಧ ಬರೆಸಿದೆ. ಕೊನೆಗೆ ಒಂದು ಒಪ್ಪಂದವಾಯಿತು. ಗೆದ್ದಲಿಗೆ ಔಷಧಿ ಆದ ಮೇಲೆ ಅಸಲಿ ಗದ್ದುಗೆಯ ಮುಂದೆ ಇರುತ್ತದೆ, ಹೂವು ಮಾತ್ರ, ಎಣ್ಣೆ ಕರ್ಪೂರ ದೂರದ ಕಲ್ಲಿನ ಮೇಲೆ. ಮ್ಯೂಸಿಯಂನ ಚೀಟಿಯಲ್ಲಿ, ಇದು ನಕಲು, ಅಸಲಿ ಗದ್ದುಗೆಯಲ್ಲಿದೆ, ಹೋಗಿ ಬನ್ನಿ ಅಂತ ಬರೆದಿದೆ. ಹಾವುಗೆ ಇನ್ನೊಂದು ತಲೆಮಾರು ಕಳೆದರೆ ಸವೆಯುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಅವರು ಸರಿಯಿದ್ದರೋ ನಾನು ಸರಿಯಿದ್ದೆನೋ, ಆ ಕಡೆ ಹೋದಾಗಲೆಲ್ಲ ಯೋಚಿಸುತ್ತೇನೆ.

ಈಗ ಹೇಗಿದೆ

ಹಿತ್ತಲಿನ ವ್ಯಾಜ್ಯ ಮುಗಿದಿಲ್ಲ. ಪೂರ್ವಾಶ್ರಮದ ಮನೆಯವರು ಒಂದು ಫೋಟೋ, ಒಂದು ಪೆಟ್ಟಿಗೆ ವಾಪಸ್ ಕೇಳಿದರು, ಕೊಟ್ಟೆವು. ಕೊಟ್ಟ ಮೇಲೆ ಅವರೇ ಕರಾರು ಬರೆದು ಎರವಲಾಗಿ ಮತ್ತೆ ತಂದಿಟ್ಟರು. ಮೊದಲೇ ಈ ಕರಾರು ಮಾಡಿದ್ದರೆ ಮೂರು ವರ್ಷದ ಮುನಿಸು ತಪ್ಪುತ್ತಿತ್ತು. ಕಾಣಿಕೆ ಯಾವುದು, ಎರವಲು ಯಾವುದು ಅಂತ ವಸ್ತು ಒಳಗೆ ಬರುವ ದಿನವೇ ಬರೆದುಕೊಳ್ಳಬೇಕಿತ್ತು.

ಅಡುಗೆ ಅಜ್ಜಿಯ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದೆವು. ರೆಕಾರ್ಡ್ ಮಾಡಿದ ಹುಡುಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ, ಫೋನ್ ಬದಲಾಯಿಸಿದ, ರೆಕಾರ್ಡ್ ಹೋಯಿತು. ಅಜ್ಜಿಯೂ ಈಗಿಲ್ಲ. ನಾನು ಆವತ್ತು ಬರೆದುಕೊಂಡ ಎರಡು ಪುಟ ಟಿಪ್ಪಣಿ ಮಾತ್ರ ಉಳಿದಿದೆ. ಸಿಮೆಂಟಿನ ತಪ್ಪನ್ನಾದರೂ ಕಿತ್ತು ತೆಗೆದೆವು, ಇದನ್ನು ತಿದ್ದುವುದು ಹೇಗೆ?

ಮಾಳಿಗೆಗೆ ಮಣ್ಣು ಹಾಕುವುದು ಮಾತ್ರ ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ನಡೆಯುತ್ತಿದೆ. ಅದನ್ನು ಸೇವೆ ಅಂತ ಮಾಡಿದರು ಸ್ವಾಮಿಗಳು. ಮೃಗಶಿರಾಕ್ಕೆ ಮೊದಲು ಒಂದು ಭಾನುವಾರ ಊರಿನವರು ಬುಟ್ಟಿ ಹಿಡಿದು ಬರುತ್ತಾರೆ. ಎಷ್ಟು ಬುಟ್ಟಿ ಹಳೆ ಮಣ್ಣು ಇಳಿಯಿತೋ ಅಷ್ಟೇ ಬುಟ್ಟಿ ಸವುಳು ಮಣ್ಣು ಮೇಲೆ ಹೋಗಬೇಕು, ಅಂಗಡಿಯವನು ಬಾಗಿಲಲ್ಲಿ ಕೂತು ಎಣಿಸುತ್ತಾನೆ. ಇಳಿದ ಮಣ್ಣು ಕಟ್ಟೆಯ ಬುಟ್ಟಿಗೆ ಹೋಗುತ್ತದೆ.

ಫೈಬರ್ ಮೂರ್ತಿ ಪ್ರಸಾದ ನಿಲಯದ ಹಾಲಿನಲ್ಲಿದೆ, ಗ್ರಾನೈಟಿನ ಜೊತೆ ಚೆನ್ನಾಗಿಯೇ ಕಾಣುತ್ತದೆ. ಮಂಚ ಉಗ್ರಾಣಕ್ಕೆ ವಾಪಸ್ ಬಂತು, ಅದು ಇರಬೇಕಾದ ಜಾಗಕ್ಕೆ. ಅದರ ಚೀಟಿ ನಾನೇ ಬರೆದದ್ದು: ಇದು ಅಜ್ಜಾರಿಗೆ ಬಂದ ಕಾಣಿಕೆ, ಅವರು ಇದರ ಮೇಲೆ ಮಲಗಲಿಲ್ಲ, ಉಗ್ರಾಣಕ್ಕೆ ಕಳಿಸಿದರು. ಪಕ್ಕದಲ್ಲಿ ಹಳೆಯ ಕ್ಯಾಲೆಂಡರು. ಬಂದವರು ಎಲ್ಲಕ್ಕಿಂತ ಜಾಸ್ತಿ ಹೊತ್ತು ನಿಲ್ಲುವುದು, ಫೋಟೋ ಹೊಡೆದುಕೊಳ್ಳುವುದು ಅದರ ಮುಂದೆಯೇ.

ಹೋದ ಜಾತ್ರೆಯಲ್ಲಿ ಮಂಚ ಕೊಟ್ಟವರ ಮಗ ಬಂದಿದ್ದರು. ಚೀಟಿ ಓದಿದರು. ನಾನು ಕಂಬದ ಹಿಂದೆ ನಿಂತಿದ್ದೆ, ಜಗಳಕ್ಕೆ ಬರುತ್ತಾರೆ ಅಂತಲೇ ಅಂದುಕೊಂಡಿದ್ದೆ. ಅವರು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಕೊಟ್ಟವರು ಯಾರು ಅಂತ ಹಾಕಿಲ್ಲವಲ್ಲ, ನಮ್ಮಪ್ಪನ ಹೆಸರು ಸೇರಿಸಿ ಅಂದರು. ಪೆನ್ನು ತಂದು ಅಲ್ಲೇ ಬರೆದೆ.